ಬ್ಯಾಂಡೇಜಿನೊಳಗಿನ ಕೆನ್ನೆ

ಟೀವಿಯಲ್ಲಿ ಶೈಲಶ್ರೀ ನಗುತ್ತಿದ್ದಳು. ಎರಡು ಕೆನ್ನೆಯೂ ನುಣ್ಣಗಿದ್ದವು, ಸುಟ್ಟ ಕಲೆಯ ಸುಳಿವೇ ಇರಲಿಲ್ಲ. ಟೀವಿಯ ಮುಂದೆ ಚಾಪೆಯ ಮೇಲೆ ಕೂತಿದ್ದ ಶೈಲಶ್ರೀಯ ಎಡಗೆನ್ನೆಗೆ ಮಾತ್ರ ಆಪರೇಷನ್ನಿನ ಬ್ಯಾಂಡೇಜು ಹಾಗೇ ಇತ್ತು. ಅದನ್ನು ಬಿಚ್ಚಲು ಇನ್ನೂ ಮೂರು ದಿನವಿತ್ತು.

ಟೀ ಲೋಟ ಅವಳ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಯಾರೂ ಬಿಚ್ಚದ ಬ್ಯಾಂಡೇಜಿನ ಒಳಗಿರುವುದನ್ನು ಈ ಟೀವಿಯವರು ಯಾವಾಗ ನೋಡಿದರು?

"ಏನ್ ಚಂದ ಕಾಣ್ತಿ ನೋಡವ್ವಾ!" ಎಂದು ಅವಳ ತಾಯಿ ಮಹಾಂತಮ್ಮ ಕೈ ಮುಗಿದಳು. ಪೀಣ್ಯದ ಆ ವಠಾರದ ಹೆಂಗಸರನ್ನೆಲ್ಲ ಅವಳೇ ಕರೆದು ಕೂರಿಸಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಪರೇಷನ್ನಿಗೆ ಮುಂಚೆ ಡಾಕ್ಟರ್ ಹೇಮಲತಾ ಟೀವಿಯವರ ಕ್ಯಾಮೆರಾ ಎದುರೇ ಸ್ಪಷ್ಟವಾಗಿ ಹೇಳಿದ್ದರು: "ಕಲೆ ಪೂರ್ತಿ ಹೋಗಲ್ಲಮ್ಮ. ಚರ್ಮದ ಬಿಗಿತ ಕಮ್ಮಿಯಾಗಿ ಬಾಯಿ ಸರಿಯಾಗಿ ತೆರೆಯೋಕೆ ಆಗತ್ತೆ, ಅಷ್ಟೇ." ಅದನ್ನು ಕೇಳಿಯೇ ಶೈಲಶ್ರೀ ಸಹಿ ಹಾಕಿದ್ದು. ಟೀವಿಯವರು ಡಾಕ್ಟರ ನಗುವನ್ನು ಇಟ್ಟುಕೊಂಡು ಮಾತನ್ನು ಕತ್ತರಿಸಿ ಎಸೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ತೋರಿಸಿದರೆ ಜನ ಚಾನೆಲ್ ಬದಲಾಯಿಸುವುದಿಲ್ಲವೇ, ಪಾಪ!

ಶೈಲಶ್ರೀ ಹೊರಗೆ ಹೋಗಿ ಆ ಚಾನೆಲ್ಲಿನ ವರದಿಗಾರನಿಗೆ ಫೋನ್ ಮಾಡಿದಳು.

"ಪ್ರೋಗ್ರಾಮ್ ಇವತ್ತೇ ಹಾಕ್ಬೇಕಿತ್ತು ಮೇಡಂ, ನೀವು ನೋಡಿದ್ರೆ ಇನ್ನೂ ಬ್ಯಾಂಡೇಜಲ್ಲಿ ಇದ್ರಿ. ಅದಕ್ಕೆ ಆಪರೇಷನ್‌ಗೆ ಮುಂಚೆ ತೆಗೆದ ನಿಮ್ಮ ವಿಡಿಯೋನೇ ಕಂಪ್ಯೂಟರಲ್ಲಿ ಸ್ವಲ್ಪ ನೀಟ್ ಮಾಡಿದ್ವಿ. ಸಕ್ಕತ್ತಾಗಿ ಬಂದಿದೆ ಅಲ್ವಾ?"

ಒಳಗೆ ಬಂದರೆ ಅವ್ವ ಮೊಬೈಲ್ ಹಿಡಿದುಕೊಂಡು ಬೀಗುತ್ತಿದ್ದಳು. "ಟೀವಿ ಮುಂದ ಹಿಡ್ದು ರೆಕಾರ್ಡ್ ಮಾಡಿ ಹರಪನಹಳ್ಳಿ ಕೊಟ್ರಪ್ಪನೋರಿಗೆ ಕಳಿಸೀನಿ. ಬರೋ ಐತಾರ ಮಗನ್ನ ಕರ್ಕೊಂಡು ಹೆಣ್ಣು ನೋಡಾಕ ಬರ್ತಾರಂತ!"

ಆ ಮಗ ಮಲ್ಲಿಕ್. ಒಂದು ತಿಂಗಳಿಂದ ಫೋನಿನಲ್ಲಿ ಮಾತಾಡುತ್ತಿದ್ದ ಅವನು ಶೈಲಶ್ರೀಗೆ ಇಷ್ಟವಾಗಿದ್ದ. ಕಲೆ ಇದೆಯೆಂದು ಅವಳು ಮೊದಲೇ ಹೇಳಿದ್ದಳು. 'ಇರಲಿ ಬಿಡ್ರಿ' ಎಂದಿದ್ದವನಿಂದ ಈಗ ಮೆಸೇಜು ಬಂತು: 'ವಿಡಿಯೋ ನೋಡಿದೆ. ಕಲೆ ಇದ್ದದ್ದೇ ಗೊತ್ತಾಗಂಗಿಲ್ಲ. ಮನ್ಯಾಗ ಎಲ್ಲಾರ್ಗೂ ಖುಷಿ ಆಗೈತಿ.'

ಶೈಲಶ್ರೀ ಮೊಬೈಲನ್ನು ಬೋರಲು ಹಾಕಿ ಇಟ್ಟಳು.

ಬುಧವಾರ ಬ್ಯಾಂಡೇಜು ಬಿಚ್ಚಿದರು. ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ಕೆಂಪಗೆ ಊದಿದ ಗೆರೆ, ಅದರ ಉದ್ದಕ್ಕೂ ಹೊಲಿಗೆಯ ಗುರುತು.

"ಅಯ್ಯ ಶಿವನೇ! ಟೀವ್ಯಾಗ ಇದ್ದ ಮಕ ಎಲ್ರೀ ಡಾಕ್ಟ್ರೇ?" ಎಂದು ಮಹಾಂತಮ್ಮ ಮೊಬೈಲು ಮುಂದೆ ಹಿಡಿದಳು.

ಡಾಕ್ಟರು ವಿಡಿಯೋವನ್ನು ಎರಡು ಸಲ ನೋಡಿದರು. "ಇದು ನಾನು ಮಾಡಿದ್ದಲ್ಲಮ್ಮ. ಯಾರ ಕೈಲೂ ಹಿಂಗೆ ಮಾಡೋಕಾಗಲ್ಲ. ಈ ಕೆಂಪು ಒಂದು ವರ್ಷದಲ್ಲಿ ಇಳಿಯತ್ತೆ, ಗೆರೆ ಇರತ್ತೆ." ಆಮೇಲೆ ಶೈಲಶ್ರೀಯ ಕಡೆ ತಿರುಗಿ, "ಎಲ್ಲಿ, ಬಾಯಿ ತೆಗಿ" ಎಂದರು. ಐದು ವರ್ಷದಲ್ಲಿ ಮೊದಲ ಸಲ ಅವಳ ಬಾಯಿ ಪೂರ್ತಿ ತೆರೆಯಿತು. ಅವಳಿಗೆ ಅಳು ಬಂತು, ಸಂತೋಷಕ್ಕೆ.

ಮಹಾಂತಮ್ಮ ಅದನ್ನು ನೋಡಲೇ ಇಲ್ಲ. ಮನೆಗೆ ಬಂದವಳು ಗೋಡೆಗೆ ಒರಗಿ ಕೂತುಬಿಟ್ಟಳು. ಐದು ವರ್ಷದ ಹಿಂದೆ ಕಾದ ಎಣ್ಣೆಯ ಬಾಣಲೆ ಜಾರಿದ್ದು ಅವಳ ಕೈಯಿಂದಲೇ.

"ನನ್ನ ತಪ್ಪು ಅಳಿಸಿ ಹೋತು ಅನ್ಕಂಡಿದ್ನೆವ್ವಾ," ಎಂದಳು.

ಶೈಲಶ್ರೀ ಬ್ಯಾಗಿನಿಂದ ಸ್ಟೀಲಿನ ಸ್ಕೇಲು ತೆಗೆದಳು. ಕಾರ್ಖಾನೆಯಲ್ಲಿ ಅವಳದು ತಯಾರಾದ ಬಿಡಿಭಾಗ ತಪಾಸಣೆ ಮಾಡುವ ಕೆಲಸ. ಗೀರು ಬಿದ್ದ ಪೀಸು ಸಿಕ್ಕರೆ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೋ ತೆಗೆದು ಗಿರಾಕಿಗೆ ಮೊದಲೇ ಕಳಿಸಬೇಕು. ಬೇಕಾದರೆ ತೆಗೆದುಕೊಳ್ಳುತ್ತಾರೆ, ಬೇಡವಾದರೆ ಬಿಡುತ್ತಾರೆ. ಮುಚ್ಚಿ ಕಳಿಸುವ ಹಾಗಿಲ್ಲ.

ಕಿಟಕಿಯ ಬೆಳಕಿಗೆ ಕೆನ್ನೆ ಒಡ್ಡಿ ನಿಂತಳು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಸ್ಕೇಲು. ಸ್ಕೇಲು ಮತ್ತೆ ಮತ್ತೆ ಓರೆಯಾಗುತ್ತಿತ್ತು.

"ಯಾರಿಗೆ ಕಳಿಸ್ತಿ?"

"ಮಲ್ಲಿಕ್‌ಗೆ."

ಮಹಾಂತಮ್ಮ ಎದ್ದು ಬಂದು ಸ್ಕೇಲು ಇಸಿದುಕೊಂಡು ಗೆರೆಯ ಪಕ್ಕಕ್ಕೆ ಹಿಡಿದಳು.

"ಅಲ್ಲಾಡಬ್ಯಾಡ ಯವ್ವಾ, ಅಳತಿ ಕಾಣ್ಬೇಕು."

ಎಂಟು ಸೆಂಟಿಮೀಟರು. ಶೈಲಶ್ರೀ ಫೋಟೋ ಕಳಿಸಿ ಮೊಬೈಲು ಕೆಳಗಿಟ್ಟಳು. ಮಹಾಂತಮ್ಮ ಇನ್ನೂ ಸ್ಕೇಲು ತೆಗೆದಿರಲಿಲ್ಲ.