ಆರನೆಯ ಸೂಜಿ

ಆ ಮನೆಯಲ್ಲಿ ಯಾರೇ ಆಗಲಿ, ಕುರ್ಚಿಯ ಮೇಲೆ ಒಮ್ಮೆ ಕೈಯಾಡಿಸಿ ನೋಡಿಯೇ ಕೂರಬೇಕು. ಮನೆಯೊಡತಿಯ ಕೌದಿಯ ಹುಚ್ಚು ಅಂಥದ್ದು. ಊಟದ ಮೇಜಿನ ಅರ್ಧ ನೀಲಿ ತುಂಡುಗಳಿಗೆ, ಸೋಫಾದ ಬೆನ್ನು ಅರ್ಧಕ್ಕೇ ನಿಂತ ಹಳದಿ ಕೌದಿಗೆ, ಬಿಸ್ಕತ್ತಿನ ಡಬ್ಬಿಗಳೆಲ್ಲ ಚೂರುಬಟ್ಟೆಗೆ. ಗಂಡ ಪಾಪ, ಒಂದು ಬಿಸ್ಕತ್ತಿಗಾಗಿ ಎಲ್ಲ ಡಬ್ಬಿ ತೆರೆದು, ಎಲ್ಲದರಲ್ಲೂ ಚಿಂದಿ ಕಂಡು, ಬರೀ ಟೀ ಕುಡಿದು ಹೋಗುತ್ತಿದ್ದ. ಹೆಂಡತಿಗೆ ಚಿಂದಿರಾಣಿ ಎಂದು ಹೆಸರಿಟ್ಟವನೂ ಅವನೇ. ಹಗಲೆಲ್ಲ ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಚೀಟಿ ಬರೆದು ಬರುವ ಅವಳು ಚಪ್ಪಲಿ ಬಿಟ್ಟವಳೇ ಸೂಜಿ ಹಿಡಿಯುವಳು. ಮುಗಿಸಿದ್ದಕ್ಕಿಂತ ಶುರುಮಾಡಿದ್ದೇ ಹೆಚ್ಚು. ಕೇಳಿದರೆ, "ಎಲ್ಲಾ ನಡೀತಾ ಇದೆ ರೀ, ಯಾವುದೂ ನಿಂತಿಲ್ಲ" ಎನ್ನುವಳು.

ಈ ಗೊಂದಲದ ನಡುವೆಯೂ ಅವಳಿಗೊಂದು ಶಿಸ್ತಿತ್ತು. ನಡುವೆ ದಾರ ಪೋಣಿಸುತ್ತ ಕೂರುವ ರಗಳೆ ಬೇಡವೆಂದು, ಮೊದಲೇ ಆರು ಸೂಜಿಗೆ ದಾರ ಪೋಣಿಸಿ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಡುವಳು. ಏಳುವ ಮೊದಲು ಆರೂ ದಿಂಬಿಗೆ ಮರಳಿವೆಯೇ ಎಂದು ನೋಡುವಳು. ಜಪ್ಪಯ್ಯ ಎಂದರೂ ಇದನ್ನು ತಪ್ಪಿಸಿದವಳಲ್ಲ.

ಆ ರಜೆಯ ದಿನ ಬೆಳಗ್ಗೆ ನೀಲಿ ತುಂಡುಗಳನ್ನು ಹರವಿಕೊಂಡು ದಿಂಬು ಎಳೆದುಕೊಂಡರೆ, ಐದೇ ಇವೆ. ಕೆಂಪು ದಾರದ ಸೂಜಿ ಇಲ್ಲ.

ಕೆಂಪು ದಾರ ಪೋಣಿಸಿದ್ದು ನಾದಿನಿಯ ಮಗುವಿನ ಕೌದಿಗೆ ಅಂಚು ಕಟ್ಟಲು. ನಿನ್ನೆ ಸಂಜೆ ಕೊನೆಯ ಗಂಟು ಹಾಕುತ್ತಿದ್ದಾಗಲೇ ನಾದಿನಿಯ ಗಂಡ ಬಂದು ಬಾಗಿಲಲ್ಲಿ ನಿಂತಿದ್ದ. "ಗಾಡಿ ಅಡ್ಡ ನಿಲ್ಲಿಸಿ ಬಂದಿದ್ದೀನಿ ಅಕ್ಕ, ಬೇಗ ಕೊಡಿ" ಎಂದು ಅವಸರ ಮಾಡಿದ. ಅವಳು ದಾರ ಕತ್ತರಿಸಿ, ಕೌದಿ ಮಡಚಿ, ಅವನ ಕೈಗಿಟ್ಟಳು. ಆಮೇಲೆ ದಿಂಬು ನೋಡಿದಳೇ? ಎಲ್ಲಿಯ ದಿಂಬು! ಅಂತೂ ನಾದಿನಿ ಕೌದಿ ತರಿಸಿಕೊಂಡಳಲ್ಲ ಎಂಬ ಖುಷಿಯಲ್ಲಿ ಗುನುಗುತ್ತ ಅಡುಗೆಮನೆಗೆ ಹೋಗಿದ್ದಳು ಮಹಾರಾಯಿತಿ.

ಆ ಖುಷಿಗೂ ಕಾರಣವಿತ್ತು. ನಾದಿನಿಗೆ ಎಷ್ಟೋ ವರ್ಷ ಕಾದಮೇಲೆ ಹುಟ್ಟಿದ ಮಗು ಅದು. ಬೇರೆಯವರ ಕೈ ಸೋಕಲೂ ಬಿಡುತ್ತಿರಲಿಲ್ಲ. ಅತ್ತಿಗೆಗೂ ದೂರದಿಂದಲೇ ದರ್ಶನ. ಕೌದಿಯ ಮಾತೆತ್ತಿದಾಗ, "ಚೂರುಬಟ್ಟೆ ಮಗೂಗೆ ಆಗುತ್ತಾ ಅತ್ತಿಗೆ? ಅಂಗಡೀಲಿ ಒಳ್ಳೊಳ್ಳೇದು ಸಿಗುತ್ತಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಚಿಂದಿರಾಣಿ ಹಟ ಬಿಡದೆ ಹೊಸ ಬಟ್ಟೆಯನ್ನೇ ತಂದು, ಒಗೆದು, ಮತ್ತೆ ಒಗೆದು, ತುಂಡು ಮಾಡಿ ಹೊಲಿದಿದ್ದಳು. ಆ ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಹೊಲಿಯುವಾಗ ಕೌದಿಯನ್ನೇ ಮಡಿಲಲ್ಲಿಟ್ಟು ತೂಗಿದ್ದುಂಟು. ಈಗ ಅದರ ಹತ್ತಿಯೊಳಗೆ ಸೂಜಿ!

"ಸೂಜಿ ತಾನೇ?" ಎಂದ ಗಂಡ. "ಸೋಫಾದಲ್ಲಿರುತ್ತೆ ಬಿಡು. ನಾನು ಕೂತರೆ ತಾನಾಗೇ ಸಿಗುತ್ತೆ."

"ನಿಮಗೆ ಎಲ್ಲಾ ತಮಾಷೆ! ಮಗು ಆ ಕೌದಿ ಮೇಲೆ ಮಲಗಿರುತ್ತೆ ರೀ!"

ಅವನ ನಗು ಇಳಿದುಹೋಯಿತು. ನೆಲಕ್ಕೆ ಬಗ್ಗಿ ಹುಡುಕತೊಡಗಿದ. ಅವಳು ನಾದಿನಿಗೆ ಫೋನು ಮಾಡಿದಳು, ಮತ್ತೆ ಮಾಡಿದಳು. ಎತ್ತಲಿಲ್ಲ. ಮಗು ಮಲಗಿದಾಗ ಫೋನಿನ ಬಾಯಿ ಮುಚ್ಚಿಸಿಡುವುದು ಆಕೆಯ ಪದ್ಧತಿ. ಇನ್ನು ಕಾಯಲಾರದೆ, ಹೊಲಿಯುವಾಗ ಹಾಕಿಕೊಳ್ಳುವ ಹಳೆಯ ಕೆಂಪು ಸ್ವೆಟರನ್ನೇ ಏರಿಸಿಕೊಂಡು ಬಸ್ಸಿಗೆ ಓಡಿದಳು.

ಬಸ್ಸು ಸಿಕ್ಕ ಸಿಕ್ಕಲ್ಲಿ ನಿಂತಿತು. ಡ್ರೈವರು ಯಾರೊಂದಿಗೋ ಕಿಟಕಿಯಲ್ಲಿ ಮಾತಿಗಿಳಿದಾಗ, ಇಳಿದು ಬಸ್ಸನ್ನೇ ತಳ್ಳಿಬಿಡಲೇ ಅನ್ನಿಸಿತು. ಕೂತಲ್ಲೇ ಉಪಾಯ ಹೂಡಿದಳು: ಮಗುವನ್ನು ಒಂದು ಗಳಿಗೆ ಕೊಡು ಎನ್ನುವುದು, ಹೆಗಲಿಗೆ ಹಾಕಿಕೊಳ್ಳುವುದು, ಅಂಚು ಒಂದು ಕಡೆ ಬಿಟ್ಟಿದೆ ಎಂದು ಕೌದಿ ಎತ್ತಿಕೊಂಡು ಬರುವುದು. ಸೂಜಿಯ ವಿಷಯ ಯಾರಿಗೂ ಗೊತ್ತಾಗುವುದು ಬೇಡ. ಗೊತ್ತಾದರೆ ನಾದಿನಿ ಜನ್ಮದಲ್ಲಿ ಹೊಸ್ತಿಲು ತುಳಿಯಲು ಬಿಡುವುದಿಲ್ಲ.

ನಾದಿನಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದಳು. "ಮೆಲ್ಲಗೆ ಅತ್ತಿಗೆ. ಬೆಳಗ್ಗಿಂದ ಒಂದೇ ಸಮ ಅತ್ತು ಈಗ ಕಣ್ಣು ಮುಚ್ಚಿದ್ದಾಳೆ."

"ಅತ್ತಳಾ? ಯಾಕೆ?"

"ಗೊತ್ತಿದ್ರೆ ಅಳೋಕೆ ಬಿಡ್ತಿದ್ನಾ? ರಾತ್ರಿಯೆಲ್ಲ ಚೆನ್ನಾಗೇ ಮಲಗಿದ್ಲು. ಬೆಳಗ್ಗೆ ನಿಮ್ಮ ಕೌದಿ ಹಾಸಿದೆ ನೋಡಿ, ಆಗಿಂದ ಶುರು."

ಚಿಂದಿರಾಣಿ ತೊಟ್ಟಿಲ ಬಳಿ ಓಡಿದಳು. ತೊಟ್ಟಿಲಲ್ಲಿ ಮಗು ಹಳದಿ ತುಂಡಿನ ಮೇಲೆ ಕೆನ್ನೆಯಿಟ್ಟು, ಕೆಂಪು ಅಂಚನ್ನು ಮುಷ್ಟಿಯಲ್ಲಿ ಹಿಡಿದು ಮಲಗಿತ್ತು.

"ಮಗೂನ ಒಂದು ಗಳಿಗೆ ನನಗೆ ಕೊಡ್ತೀಯೇನೇ?" ಎಂದಳು.

ನಾದಿನಿ ಅವಳನ್ನೇ ನೋಡಿದಳು. ಇಷ್ಟು ದಿನ ಇಲ್ಲದ ಮೆತ್ತನೆಯ ಮುಖ ಇವತ್ತೇ ಬರಬೇಕೇ! "ಕೈ ತೊಳ್ಕೊಂಡು ಬನ್ನಿ, ಕೊಡ್ತೀನಿ. ನನ್ನ ತೋಳೂ ಬಿದ್ದುಹೋಗಿದೆ. ಕೌದಿ ತುಂಬಾ ಚೆನ್ನಾಗಿದೆ ಅತ್ತಿಗೆ. ನಾನೇ ಅವತ್ತು ಏನೇನೋ ಅಂದ್ಬಿಟ್ಟೆ."

ಕೈ ತೊಳೆದು ಬರುವಷ್ಟರಲ್ಲಿ ನಾದಿನಿ ತೊಟ್ಟಿಲಿಗೆ ಬಗ್ಗಿ, ಎತ್ತಲು ಮಗುವಿನ ಬೆನ್ನ ಕೆಳಗೆ ಕೈ ತೂರಿಸುತ್ತಿದ್ದಳು. ಕೌದಿ ಒತ್ತಿತು, ಸುಕ್ಕಾಯಿತು. ಆ ಸುಕ್ಕಿನಲ್ಲೇ ಮೊನೆ ಎದ್ದು ನಿಂತರೆ? ಉಪಾಯ, ಮಾನ, ಹೊಸ್ತಿಲು ಎಲ್ಲ ಮರೆತುಹೋಯಿತು.

"ಒತ್ತಬೇಡ! ನೇರ ಮೇಲಕ್ಕೆ ಎತ್ತು! ಕೌದೀಲಿ ಸೂಜಿ ಇದೆ!"

ನಾದಿನಿ ಮಗುವನ್ನು ಸರಕ್ಕನೆ ಎತ್ತಿ ಎದೆಗವಚಿಕೊಂಡಳು. ಮಗು ಚೀರಿತು. ಹಾಸಿಗೆಯ ಮೇಲೆ ಮಲಗಿಸಿ, ಬಟ್ಟೆ ಬಿಚ್ಚಿ, ಬೆನ್ನು, ತೊಡೆ, ಅಂಗಾಲು ಎಲ್ಲ ಸವರಿ ನೋಡಿದಳು. ಒಂದು ಗೀರೂ ಇರಲಿಲ್ಲ. ಬೋರಲು ಮಲಗಿಸಿದ್ದೇ ಮಗು ಎರಡು ಸಲ ಜೋರಾಗಿ ಗಾಳಿ ಬಿಟ್ಟು ಅಳು ನಿಲ್ಲಿಸಿತು. ಬೆಳಗ್ಗಿನ ರಾದ್ಧಾಂತಕ್ಕೆಲ್ಲ ಅದೇ ಕಾರಣವೆಂದು ಗೊತ್ತಾದರೂ ಯಾರೂ ನಗಲಿಲ್ಲ.

ಚಿಂದಿರಾಣಿ ಕೌದಿಯನ್ನು ನೆಲಕ್ಕೆ ಹಾಸಿ ತುಂಡು ತುಂಡನ್ನೂ ಬೆರಳಲ್ಲಿ ಹಿಚುಕುತ್ತ ಬಂದಳು. ಚುಚ್ಚಲಿ, ರಕ್ತ ಬರಲಿ, ಸಿಕ್ಕರೆ ಸಾಕು. ಸಿಗಲಿಲ್ಲ. ಫ್ರಿಜ್ಜಿನ ಬಾಗಿಲಿನ ಆಯಸ್ಕಾಂತ ತಂದು ಕೌದಿಯ ಮೇಲೆಲ್ಲ ಆಡಿಸಿದರೂ ಸಿಗಲಿಲ್ಲ. ಗಂಡ ಫೋನು ಮಾಡಿ, "ಸೋಫಾ ಬಿಚ್ಚಿದ್ದೂ ಆಯ್ತು, ಇಲ್ಲಿಲ್ಲ" ಎಂದ.

"ಹಾಗಾದ್ರೆ ಎಲ್ಲಿದೆ?" ನಾದಿನಿಯ ಕಣ್ಣು ಕೆಂಪಾಗಿತ್ತು. "ರಾತ್ರಿಯೆಲ್ಲ ನನಗೆ ನಿದ್ದೆ ಬರುತ್ತಾ ಇನ್ಮೇಲೆ? ತಗೊಂಡ್ಹೋಗಿ ಅತ್ತಿಗೆ. ನನ್ನ ಮಗೂಗೆ ಇನ್ನು ಏನೂ ಹೊಲೀಬೇಡಿ."

ಚಿಂದಿರಾಣಿ ಕೌದಿ ಮಡಚಿ ಎತ್ತಿಕೊಂಡಳು. ಕಣ್ಣೀರು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಕೆನ್ನೆಯನ್ನು ಹೆಗಲಿಗೆ ಉಜ್ಜಿಕೊಳ್ಳಲು ತಲೆ ವಾಲಿಸಿದಳು.

"ಅಯ್ಯೋ!"

ಕೆನ್ನೆಯಲ್ಲಿ ಸಣ್ಣಗೆ ರಕ್ತ ಜಿನುಗಿತು. ನಾದಿನಿ ಹತ್ತಿರ ಬಂದು ನೋಡಿದಳು. ಕೆಂಪು ಸ್ವೆಟರಿನ ಹೆಗಲಲ್ಲಿ, ಕಣ್ಣಿಗೇ ಕಾಣದಂತೆ, ಒಂದು ಕೆಂಪು ದಾರ. ಎರಡು ಬೆರಳಲ್ಲಿ ಹಿಡಿದು ಎಳೆದಳು. ಉದ್ದನೆಯ ಸೂಜಿ ಹೊರಬಂತು. ನಿನ್ನೆ ಅವಸರದಲ್ಲಿ ದಾರ ಕತ್ತರಿಸಿದಾಗ, ಹೊಲಿಯುವವರ ಕೈ ಮಾಡುವಂತೆಯೇ, ಅವಳ ಕೈ ತಾನಾಗಿ ಸೂಜಿಯನ್ನು ಹೆಗಲಿಗೆ ಚುಚ್ಚಿತ್ತು.

ಇಬ್ಬರೂ ಆ ಹೆಗಲನ್ನು ನೋಡಿದರು. ಎತ್ತಿಕೊಂಡ ಮಗು ಕೆನ್ನೆಯಿಡುವ ಜಾಗ ಅದು.

ಚಿಂದಿರಾಣಿ ಅಲ್ಲೇ ಕೂತುಬಿಟ್ಟಳು. "ನಾನು ಬಾಯಿ ಮುಚ್ಕೊಂಡಿದ್ದಿದ್ರೆ ನೀನು ಕೊಟ್ಟೇಬಿಡ್ತಿದ್ದೆ ಕಣೇ. ಮುಚ್ಕೊಂಡೇ ಇರಬೇಕು ಅಂತ್ಲೇ ಬಂದಿದ್ದೆ ನಾನು."

ನಾದಿನಿ ಸೂಜಿಯನ್ನು ಎತ್ತರದ ಕಪಾಟಿನ ಮೇಲಿಟ್ಟು, ಕೌದಿಯನ್ನು ಅತ್ತಿಗೆಯ ಕೈಯಿಂದ ತೆಗೆದುಕೊಂಡು ತೊಟ್ಟಿಲ ಮೇಲೆ ಹಾಕಿದಳು. ಮುಖದ ಬಿಗುವು ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ.

"ಆ ದರಿದ್ರ ಸ್ವೆಟರ್ ಬಿಚ್ಚಿ ಬಾಗಿಲಾಚೆ ಹಾಕಿ ಬನ್ನಿ," ಎಂದಳು. "ಬಂದು ಮಗೂನ ಎತ್ಕೊಳ್ಳಿ."