ನೆರಳಿಗೆ ಬೇಕಾದ ಬಿಳಿ

ನಮ್ಮ ದ್ವೀಪದ ಊರು ಪಿರ್ಗಿಯಲ್ಲಿ ಬೋಳು ಗೋಡೆ ಎಂದರೆ ಬಟ್ಟೆಯಿಲ್ಲದೆ ಬೀದಿಗೆ ಬಂದ ಹಾಗೆ. ಸಾಹುಕಾರನ ಮನೆಯಾಗಲಿ, ಕತ್ತೆ ಕಟ್ಟುವ ಕೊಟ್ಟಿಗೆಯಾಗಲಿ, ಬೀದಿಗೆ ಮುಖ ಮಾಡಿದ ಗೋಡೆಯ ಮೇಲೆ ತುದಿಯಿಂದ ಬುಡದವರೆಗೆ ಕಪ್ಪು ಬಿಳುಪಿನ ಚಿತ್ತಾರ ಇರಲೇಬೇಕು. ಇದನ್ನು ಯಾರೂ ಬಣ್ಣ ಬಳಿದು ಮಾಡುವುದಿಲ್ಲ. ಕರಿ ಮರಳಿನ ಗಾರೆ ಮೆತ್ತಿ, ಅದರ ಮೇಲೆ ಸುಣ್ಣ ಬಳಿದು, ಎಲ್ಲ ಹಸಿಯಾಗಿರುವಾಗಲೇ ಊಟದ ಫೋರ್ಕಿನಿಂದ ಕೆರೆಯುತ್ತಾರೆ. ಕೆರೆದ ಕಡೆ ಒಳಗಿನ ಕಪ್ಪು ಕಾಣುತ್ತದೆ, ಬಿಟ್ಟ ಕಡೆ ಬಿಳಿ ಉಳಿಯುತ್ತದೆ. ಒಮ್ಮೆ ಕೆರೆದದ್ದನ್ನು ಮತ್ತೆ ಬೆಳ್ಳಗೆ ಮಾಡಲು ದೇವರಿಗೂ ಬರುವುದಿಲ್ಲ. ಅದಕ್ಕೇ ನಮ್ಮವರು ಒಬ್ಬನ ಕೆಲಸವನ್ನು ಹೊಗಳುವಾಗ, ಅವನಿಗೆ ಬಿಡುವುದು ಗೊತ್ತು ಎನ್ನುತ್ತಾರೆ.

ನನ್ನ ಗಂಡ ಸಿದೇರಿಸನಿಗೆ ಬಿಡುವುದು ಗೊತ್ತಿತ್ತು. ನಮ್ಮೂರ ಚೌಕದಲ್ಲಿ ನಿಂತು ಒಂದು ಸುತ್ತು ತಿರುಗಿದರೆ ಕಣ್ಣಿಗೆ ಬೀಳುವ ಒಳ್ಳೆಯ ಗೋಡೆಗಳೆಲ್ಲ ಅವನವೇ. ನಾನು ಜಂಬ ಕೊಚ್ಚುತ್ತಿಲ್ಲ. ಸರಿ, ಕೊಚ್ಚುತ್ತಿದ್ದೇನೆ. ಆ ಗೋಡೆಗಳಿಗೆಲ್ಲ ಮರಳು ಜರಡಿ ಹಿಡಿದವಳು ಈ ಆರ್ಗಿರೋ, ನನಗೆ ಅಷ್ಟು ಹಕ್ಕಿದೆ.

ಆದರೆ ದೀಪದ ಬುಡದಲ್ಲೇ ಕತ್ತಲು. ಕಳೆದ ಚಳಿಗಾಲದ ಮಳೆಗೆ ನಮ್ಮದೇ ಮನೆಯ ಮುಂಗೋಡೆಯ ಗಾರೆ ಹಪ್ಪಳದ ಹಾಗೆ ಎದ್ದು ಉದುರಿತು. ನಮ್ಮ ಬಾಗಿಲು ಇರುವುದು ಚೌಕಕ್ಕೇ. ಆಗಸ್ಟಿನಲ್ಲಿ ಮಾತೆ ಮರಿಯಮ್ಮನ ಹಬ್ಬಕ್ಕೆ ಅರ್ಧ ದ್ವೀಪ ನಮ್ಮ ಬಾಗಿಲ ಮುಂದೆಯೇ ಬಂದು ಕುಣಿಯುತ್ತದೆ. ಊರಿಗೆಲ್ಲ ಅಂಗಿ ತೊಡಿಸಿದವನ ಮನೆ ಆ ದಿನ ಬೆತ್ತಲೆ ನಿಲ್ಲುವುದೆಂದರೆ ಸಿದೇರಿಸ್ ಆ ಮನೆಯಲ್ಲಿ ಬದುಕುವುದೇ ಬೇಡ.

ಅವನೇ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಹಿಂದಿನ ಬೇಸಿಗೆಯಲ್ಲಿ ಅಂಜೂರದ ಮರದಿಂದ ಬಿದ್ದಿದ್ದ. ಮೂಳೆ ಕೂಡಿತು, ಬಲಗೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಊರಿಗೆ ಹೇಳಿದ್ದು ಭುಜದ ನೋವು ಎಂದು. ಕಾಫಿ ಬಟ್ಟಲು ಎತ್ತಿದರೆ ಕೆಳಗಿನ ತಟ್ಟೆ ಕಟಕಟ ಎನ್ನುತ್ತಿತ್ತು, ಅದಕ್ಕೇ ಕಾಫಿ ಅಂಗಡಿಗೆ ಹೋಗುವುದನ್ನೇ ಬಿಟ್ಟ. ನೇರ ಗೆರೆಗೆ ಹೆಸರಾದ ಕೈ ನಡುಗುತ್ತದೆಂದು ಜನ ಆಡಿಕೊಳ್ಳುವುದು ಅವನಿಗೆ ಸಾವಿಗಿಂತ ಕಷ್ಟ. ಮನೆಯಲ್ಲಿ ನಮಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಜುಲೈನಲ್ಲಿ ಮಿಕೆಸ್ ಬಂದ. ಕೆಳಬೀದಿಯ ಮಿಕೆಸನೂ ಗೋಡೆ ಕೆರೆಯುವವನೇ. ಚಿಕ್ಕಂದಿನಿಂದ ನನ್ನ ಗಂಡನ ಸ್ನೇಹಿತ, ಅಂದರೆ ವೈರಿ. ಉದುರಿದ ಗೋಡೆಯನ್ನು ಮೇಲಿಂದ ಕೆಳಗೆ ಸಾವಕಾಶವಾಗಿ ನೋಡಿದ.

"ಏನಪ್ಪಾ ಸಿದೇರಿಸ್, ಹಬ್ಬಕ್ಕೂ ಹೀಗೇ ನಿಲ್ಲಿಸ್ತೀಯಾ? ಭುಜ ನೋವು ಅಂದ್ರೆ ಹೇಳು, ನಾನೇ ಬಂದು ಕೆರೆದುಕೊಡ್ತೀನಿ. ಒಂದು ಲೋಟ ಸೂಮಾ ಸಾರಾಯಿ ಕುಡಿಸಿದ್ರೆ ಸಾಕು."

"ನಿನ್ನ ಸೂರ್ಯನ ಚಕ್ರ ನೋಡಿದೀನಿ ಕಣೋ. ಕತ್ತೆ ಒದ್ದ ಕುಂಬಳಕಾಯಿ ಥರ ಇರುತ್ತೆ."

"ಹಾಗಾದ್ರೆ ಯಾರು ಮಾಡ್ತಾರೆ? ನಿನ್ನ ಮಗನಾ?"

ನಮ್ಮ ಮಗ ಝನ್ನಿಸ್ ಪೇಟೆಯ ಬಸ್ಸು ಓಡಿಸುತ್ತಾನೆ. ಬಂಗಾರದಂಥ ಹುಡುಗ, ಆದರೆ ಫೋರ್ಕನ್ನು ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಹಿಡಿದವನಲ್ಲ.

"ನನ್ನ ಸೊಸೆ ಮಾಡ್ತಾಳೆ," ಎಂದ ಸಿದೇರಿಸ್.

ನನ್ನ ಕೈಯಲ್ಲಿದ್ದ ತಟ್ಟೆ ಜಾರಿ ಬೀಳುವುದೊಂದು ಬಾಕಿ. ಚಳಿಗಾಲವೆಲ್ಲ ಹಿತ್ತಲ ಗೋಡೆಯ ಮೇಲೆ ಅವಳಿಗೆ ಏನೋ ಕಲಿಸುತ್ತಿದ್ದ, ಹೊತ್ತು ಹೋಗಲೆಂದು ಎಂದುಕೊಂಡಿದ್ದೆ. ಮಿಕೆಸ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಆಂಥಿಯಾ? ಮೆಸ್ತಾದ ಹುಡುಗಿ! ಅವರೂರಲ್ಲಿ ಗೋಡೆಗೆ ಒಂದು ಚಡ್ಡಿನೂ ಹಾಕಲ್ಲವಲ್ಲೋ!"

ಅವನು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ, ನಾನೂ ಮದುವೆಯ ದಿನದಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ. ಮೆಸ್ತಾ ನಮ್ಮ ಪಕ್ಕದ ಊರು. ಎಲ್ಲ ಬರೀ ಕಲ್ಲು. ಓಣಿಗಳ ಮೇಲೆಲ್ಲ ಕಮಾನು ಕಟ್ಟಿ ಮುಚ್ಚಿದ್ದಾರೆ, ನಡುಮಧ್ಯಾಹ್ನವೂ ಗೋಡೆ ತಡವಿಕೊಂಡು ನಡೆಯಬೇಕು. ಮೆಸ್ತಾದವರು ಸೂರ್ಯನನ್ನು ಭಾನುವಾರ ಮಾತ್ರ ನೋಡುತ್ತಾರೆ ಎಂದು ನಮ್ಮಲ್ಲಿ ತಮಾಷೆ ಮಾಡುತ್ತೇವೆ.

ಬಾಗಿಲಲ್ಲಿ ಒಣಹಾಕಲು ಟೊಮೇಟೊ ದಾರಕ್ಕೆ ಪೋಣಿಸುತ್ತ ಕೂತಿದ್ದ ಆಂಥಿ ತಲೆ ಎತ್ತದೆ ಹೇಳಿದಳು, "ನಮ್ಮೂರ ಗೋಡೆ ಗಟ್ಟಿ ಇದೆ ಮಾಮ. ಉದುರೋ ಗೋಡೆಗೆ ತಾನೇ ಬಟ್ಟೆ ಬೇಕು?"

ನನಗೆ ಒಂದು ಕಡೆ ಸಿಟ್ಟು, ಇನ್ನೊಂದು ಕಡೆ ನಗು. ನನ್ನ ಸೊಸೆಗೆ ಬಾಯಿದೆ ಎಂಬುದು ಹೊಸ ಸುದ್ದಿಯಲ್ಲ, ಆವತ್ತು ಅದು ಸರಿಯಾದವನ ಮೇಲೆ ಬಿತ್ತು.

ಹಬ್ಬ ಹತ್ತಿರ ಬಂದಾಗ ಸಾರುವೆ ಕಟ್ಟಿದೆವು. ನಮ್ಮ ಕೆಲಸ ಮೇಲಿಂದ ಕೆಳಕ್ಕೆ ಬರುತ್ತದೆ. ಕೈಗೆ ಎಷ್ಟು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಬೇಕು, ಅದು ಒಣಗುವ ಮೊದಲು ಮುಗಿಸಬೇಕು. ಸಿದೇರಿಸ್ ಚೌಕದ ನಡುವೆ ಬೆತ್ತ ಹಿಡಿದು ನಿಂತ, ಎಡಗೈಯಲ್ಲಿ. ಬಲಗೈ ಜೇಬಿನಲ್ಲಿ. ಕಾಫಿ ಅಂಗಡಿಯವರು ಕುರ್ಚಿಗಳನ್ನು ನಮ್ಮ ಕಡೆಗೆ ತಿರುಗಿಸಿಕೊಂಡು ಕೂತರು.

"ದಾರ ಬಿಗಿ ಹಿಡಿ! ಸೊಂಟದ ಲಾಡಿ ಅಲ್ಲ ಅದು!"

"ಬಿಗಿ ಇದೆ ಮಾವ. ನಿಮ್ಮ ದನಿ ಸ್ವಲ್ಪ ಸಡಿಲ ಬಿಡಿ, ಸುಣ್ಣ ಹೆದರ್ತಿದೆ."

ಮೊದಲ ದಿನ ಕುರ್ಚಿಗಳಿಂದ ನಗು ಕೇಳಿಸುತ್ತಿತ್ತು. ಸೂರಿನ ಕೆಳಗೆ ತ್ರಿಕೋನಗಳ ಸಾಲು ಮುಗಿದು, ಅದರಡಿ ಚಂದ್ರರ ಸಾಲು ಬಂದಾಗ ನಗು ಕಡಿಮೆಯಾಯಿತು. ಕೈವಾರ ಊರಿ ಅವಳು ದೊಡ್ಡ ಸೂರ್ಯನ ಚಕ್ರವನ್ನು ಒಂದೇ ಉಸಿರಿಗೆ ಎಳೆದಾಗ ಯಾರೂ ನಗಲಿಲ್ಲ. ನಾನು ಕೆಳಗೆ ಮರಳು ಜರಡಿ ಹಿಡಿಯುತ್ತಲೇ ಎದೆಯುಬ್ಬಿಸಿ ಮಿಕೆಸನ ಕಡೆ ನೋಡಿದೆ. ಅವನು ತನ್ನ ಕಾಫಿಯ ಗಷ್ಟನ್ನು ಬಹಳ ಗಮನವಿಟ್ಟು ಪರೀಕ್ಷಿಸುತ್ತಿದ್ದ.

ಕೊನೆಯ ದಿನ ಉಳಿದದ್ದು ಬಾಲ್ಕನಿಯ ಕೆಳಗಿನ ಪಟ್ಟಿ, ಬಾಗಿಲ ಸುತ್ತಲಿನದು. ಜಗಳ ಹತ್ತಿದ್ದು ಅಲ್ಲೇ. ಆಂಥಿ ಫೋರ್ಕು ಹಿಡಿದು ನಿಂತವಳು ಕೆರೆಯಲೇ ಇಲ್ಲ.

"ಮಾವ, ಇಲ್ಲಿ ಕಪ್ಪು ತ್ರಿಕೋನ ಸಣ್ಣದು ಮಾಡ್ತೀನಿ. ಬಿಳಿ ಜಾಸ್ತಿ ಬಿಡಬೇಕು."

"ಮೇಲೆ ಎಷ್ಟೋ ಕೆಳಗೂ ಅಷ್ಟೇ. ಕಪ್ಪೂ ಬಿಳೀನೂ ಸರಿಸಮ. ನಮ್ಮಪ್ಪನ ಕಾಲದಿಂದ ಹಾಗೇ ಬಂದಿದೆ."

"ಮೇಲೆ ಬಿಸಿಲು ಬೀಳುತ್ತೆ. ಇಲ್ಲಿ ಬಾಲ್ಕನಿ ನೆರಳು. ಮಸ್ತಿಕಿ ಮರದ ಬುಡಕ್ಕೆ ಬಿಳಿಮಣ್ಣು ಹರಡ್ತೀವಲ್ಲ ಮಾವ, ಅಂಟಿನ ಹನಿ ಬೀಳಲಿ ಅಂತ. ಬಿಸಿಲಲ್ಲಿ ಅದು ಕಣ್ಣು ಕುಕ್ಕುತ್ತೆ, ರೆಂಬೆ ಕೆಳಗೆ ಬೂದಿ ಥರ ಕಾಣುತ್ತೆ. ಮಣ್ಣು ಒಂದೇ ತಾನೇ?"

"ಮರದ ಮಾತು ಮರದ ಹತ್ರ ಆಡು. ಇದು ಗೋಡೆ."

"ನಮ್ಮೂರ ಓಣೀಲಿ ಮೆಟ್ಟಿಲ ಅಂಚಿಗೆ ಸುಣ್ಣ ಹಚ್ತಾರೆ. ಓಣಿ ಬಾಯಲ್ಲಿ ಬೆರಳಗಲ ಸಾಕು. ಒಳಗೆ ಹೋಗ್ತಾ ಹೋಗ್ತಾ ಅಂಗೈ ಅಗಲ ಹಚ್ತಾರೆ. ಇಲ್ದಿದ್ರೆ ಮುದುಕೀರು ಮುಗ್ಗರಿಸ್ತಾರೆ. ನಮ್ಮಜ್ಜಿ ಜೊತೆ ನಾನೇ ಹಚ್ತಿದ್ದೆ."

"ಮೆಸ್ತಾದ ಮೆಟ್ಟಿಲು ನನಗೆ ಪಾಠ ಹೇಳುತ್ತಾ!" ಸಿದೇರಿಸನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಕೂತಿರುತ್ತದೆ, ಆಗ ಅಲ್ಲಿಂದಲೂ ಜಿಗಿಯಿತು. "ಇಳಿ ಕೆಳಗೆ!"

"ಸುಣ್ಣ ಒಣಗ್ತಿದೆ ಮಾವ," ಎಂದಳು ಆಂಥಿ. ಅವನ ಕಡೆ ಬೆನ್ನು ತಿರುಗಿಸಿ ತನ್ನ ಲೆಕ್ಕದಂತೆಯೇ ಕೆರೆಯತೊಡಗಿದಳು. ಕಪ್ಪು ಸಣ್ಣದು, ಬಿಳಿ ದೊಡ್ಡದು.

"ಸಿದೇರಿಸನ ಮಾತು ಸಿದೇರಿಸನ ಮನೇಲೇ ನಡೆಯಲ್ಲ!" ಎಂದು ಮಿಕೆಸ್ ಕೂಗಿದ. ಕುರ್ಚಿಗಳೆಲ್ಲ ನಕ್ಕವು. ನನ್ನ ಗಂಡ ಬೆತ್ತ ಬಿಸಾಡಿ, ಸಾರುವೆಯ ಕೆಳಗೆ ನುಸುಳಿ ಒಳಗೆ ಹೋಗಿ ಬಾಗಿಲು ಬಡಿದುಕೊಂಡ. ಕಿಟಕಿಯ ಕದಗಳನ್ನೂ ಒಂದೊಂದಾಗಿ ಮುಚ್ಚಿದ ಸದ್ದು ಕೇಳಿಸಿತು.

ಈ ಕೆಲಸದ ಹಣೆಬರಹ ಏನೆಂದರೆ, ಯಾರದು ಸರಿ ಎಂದು ಆಗ ಯಾರಿಗೂ ಹೇಳಲು ಬರುವುದಿಲ್ಲ. ಹಸಿ ಸುಣ್ಣ ಮಂಕಾಗಿರುತ್ತದೆ. ಅದು ಬೆಳ್ಳಗಾಗುವುದು ಒಣಗಿದ ಮೇಲೆ, ಮರುದಿನ. ಆದರೆ ಬಾಗಿಲ ಮೇಲೆ ಹೆಸರಿಗೆಂದು ಬಿಟ್ಟ ಚೌಕ ಮರುದಿನದವರೆಗೆ ಕಾಯುವುದಿಲ್ಲ. ಗೋಡೆ ಮಾಡಿದವರ ಹೆಸರು, ಊರನ್ನು ಅವರಿಗೆ ಕಲಿಸಿದ ಮೇಸ್ತ್ರಿ ಹಸಿಯಲ್ಲೇ ಕೆರೆಯಬೇಕು. ಹೆಸರಿಲ್ಲದ ಗೋಡೆ ಎಂದರೆ ಮೇಸ್ತ್ರಿ ಇದು ನನ್ನ ಕೈಕೆಳಗಿನ ಕೆಲಸವಲ್ಲ ಎಂದು ಕೈ ತೊಳೆದುಕೊಂಡ ಗೋಡೆ. ಅಂಥ ಗೋಡೆ ಮಾಡಿದವಳನ್ನು ಈ ಊರಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ.

ಆಂಥಿ ಪಟ್ಟಿ ಮುಗಿಸಿ ಹಲಗೆಯ ಮೇಲೆ ಕೂತಳು. ಬೆವರು, ಸುಣ್ಣ ಸೇರಿ ಅವಳ ಮುಖವೇ ಗೋಡೆಯ ಹಾಗಾಗಿತ್ತು.

"ಮಾವ ಬರ್ತಾರಾ ಅತ್ತೆ?"

ಅವಳ ದನಿ ಹಾಗೆ ಸಣ್ಣಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ನೀನು ಆ ಹೆಸರಿನ ಚೌಕಕ್ಕೆ ನೀರು ಚಿಮುಕಿಸ್ತಾ ಇರು, ಒಣಗಬಾರದು," ಎಂದು ಒಳಗೆ ಹೋದೆ.

ಕೋಣೆ ಗವಿಯ ಹಾಗಿತ್ತು. ಸಿದೇರಿಸ್ ಮಂಚದ ತುದಿಯಲ್ಲಿ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಕೂತಿದ್ದ. ನಾನು ಚೌಕದ ಕಡೆಯ ಕಿಟಕಿಯ ಒಂದು ಕದ ತೆರೆದೆ. ಎದುರಿಗೆ ನಮ್ಮ ಮದುವೆಯ ವರ್ಷ ಅವನೇ ಮಾಡಿದ ಗೋಡೆ. ಇವತ್ತಿಗೂ ದೂರದಿಂದ ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸಂಜೆಯ ಬಿಸಿಲು ಅದರ ಮೇಲಿತ್ತು.

"ಏನು ಕಾಣುತ್ತೆ ಹೇಳು," ಎಂದೆ.

"ನನ್ನ ಗೋಡೆ."

"ಬಾಲ್ಕನಿ ಕೆಳಗೆ?"

ಮೇಲೆ ತ್ರಿಕೋನಗಳು ಫಳಫಳ ಎನ್ನುತ್ತಿದ್ದವು. ಬಾಲ್ಕನಿಯ ಕೆಳಗೆ ಅದೇ ಅಳತೆಯ ತ್ರಿಕೋನಗಳು ಪಾತ್ರೆ ತೊಳೆದ ನೀರಿನಲ್ಲಿ ಅದ್ದಿ ತೆಗೆದಂತಿದ್ದವು. ಬಿಳಿಯನ್ನೆಲ್ಲ ಕಪ್ಪು ನುಂಗಿಹಾಕಿತ್ತು.

"ಆ ಸಲ ಸುಣ್ಣ ಸರಿ ಇರಲಿಲ್ಲ," ಎಂದ.

"ಪ್ರತಿ ಸಲಾನೂ ಸುಣ್ಣ ಸರಿ ಇರಲ್ಲ ನಿನಗೆ. ಮದುವೆಯಾದಾಗಿಂದ ಕೇಳ್ತಿದೀನಿ. ಬಾಲ್ಕನಿ ಮೇಲೆ ಚೆನ್ನಾಗಿರೋ ಸುಣ್ಣ ಕೆಳಗೆ ಬಂದ ಕೂಡಲೇ ಕೆಟ್ಟುಹೋಗುತ್ತಾ? ಕುಣೀಲಾರದೋಳು ನೆಲ ಡೊಂಕು ಅಂದಳಂತೆ."

ಬೈಯುತ್ತಾನೆಂದು ಕಾದೆ. ಅವನು ಎದ್ದು ಕಿಟಕಿಯ ಹತ್ತಿರ ಬಂದ. ಕತ್ತಲಲ್ಲಿ ಕೂತು ಬಂದ ಕಣ್ಣಿಗೆ ಹೊರಗಿನದು ಹೆಚ್ಚು ನಿಚ್ಚಳವಾಗಿ ಕಂಡಿರಬೇಕು. ಅವನು ತನ್ನ ಗೋಡೆಯನ್ನು ಹಾಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು, ಬೇರೆಯವರ ಗೋಡೆಯನ್ನು ನೋಡುವ ಹಾಗೆ.

"ಮೆಸ್ತಾದ ಮೆಟ್ಟಿಲು," ಎಂದು ಗೊಣಗಿದ. ಆಮೇಲೆ ಬಾಗಿಲು ತೆರೆದು ಹೊರಗೆ ಹೋದ.

ಸಿದೇರಿಸ್ ಏಣಿಯ ಬುಡಕ್ಕೆ ಬಂದು, "ಯಾರಾದ್ರೂ ಹಿಡ್ಕೊಳ್ರೋ," ಎಂದ. ಯಾರೂ ಏಳದಿದ್ದಾಗ ನಾನೇ ಹಿಡಿದೆ. ಅವನು ಹತ್ತಿ ಹಲಗೆಯ ಮೇಲೆ ಆಂಥಿಯ ಪಕ್ಕ ನಿಂತು ಎಡಗೈ ಚಾಚಿದ. ಅವಳಿಗೆ ಅರ್ಥವಾಯಿತು, ಫೋರ್ಕನ್ನು ಹಿಂದಕ್ಕೆಳೆದುಕೊಂಡಳು.

"ಮಾವ, ಬೇಡ," ಎಂದು ಪಿಸುಗುಟ್ಟಿದಳು. "ಎಲ್ರೂ ನೋಡ್ತಿದಾರೆ. ನೀವು ಹೇಳಿ ಸಾಕು, ನಿಮ್ಮ ಹೆಸರು ನಾನೇ ಕೆರೀತೀನಿ."

"ಮಾಡಿದವರು ತಮ್ಮ ಹೆಸರು ತಾವೇ ಕೆರೆಯೋ ಪದ್ಧತಿ ನಮ್ಮಲ್ಲಿಲ್ಲ. ಮೇಸ್ತ್ರಿ ಕೆರೀತಾನೆ. ಕೊಡು ಇಲ್ಲಿ."

ಜೇಬಿನಿಂದ ಬಲಗೈ ತೆಗೆದು ಫೋರ್ಕು ಹಿಡಿದ. ಅದು ನಡುಗಿತು. ಚೌಕದ ಆ ತುದಿಯಲ್ಲಿ ಕೂತವರಿಗೂ ಕಾಣುವಷ್ಟು ನಡುಗಿತು. ಒಂದು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಮಿಕೆಸ್ ಎದ್ದು ನಿಂತಿದ್ದ.

ಸಿದೇರಿಸ್ ಕೆರೆದ. ಮೊದಲ ಅಕ್ಷರ ವಾಲಿತು, ಎರಡನೆಯದು ಅದರ ಮೇಲೆ ಒರಗಿತು. ಆಂಥಿ ಎಂದು ಓದಲು ಮಕ್ಕಳಿಗೂ ಬರುತ್ತಿತ್ತು, ಆದರೆ ಅಷ್ಟು ಸೊಟ್ಟ ಅಕ್ಷರ ಮಕ್ಕಳೂ ಬರೆಯುವುದಿಲ್ಲ. ಬೆವರು ಒರೆಸಿಕೊಂಡು ಕೇಳಿದ, "ಊರು ಯಾವುದು ಹಾಕಲಿ?"

ಆಂಥಿ ಅಳುತ್ತಿದ್ದಳು. ಅಳುತ್ತಲೇ, "ಮೆಸ್ತಾ," ಎಂದಳು.

"ಪಿರ್ಗಿ ಚೌಕದಲ್ಲಿ ಮೆಸ್ತಾ ಹೆಸರಾ?" ಎಂದು ಕಾಫಿ ಅಂಗಡಿಯಿಂದ ಯಾರೋ ಕೂಗಿದರು.

ಸಿದೇರಿಸ್ ಹಲಗೆಯ ಮೇಲಿಂದಲೇ ತಿರುಗಿದ. ನಡುಗುವ ಕೈಯನ್ನು ಮರೆಮಾಡಲಿಲ್ಲ.

"ಹೌದು! ಸೊಟ್ಟ ಅಕ್ಷರ ನಂದು. ನೆಟ್ಟಗಿರೋ ಗೋಡೆ ಇವಳದು. ನಗೋದಿದ್ರೆ ಅಕ್ಷರ ನೋಡಿ ನಗ್ರೋ, ಗೋಡೆ ತಂಟೆಗೆ ಬರಬೇಡಿ!"

ನನ್ನ ಪಕ್ಕದಲ್ಲಿ ಏಣಿಗೆ ಇನ್ನೊಂದು ಜೊತೆ ಕೈ ಬಿತ್ತು, ಸುಣ್ಣಕ್ಕೆ ಸುಟ್ಟು ಒರಟಾದ ಕೈ. ಮಿಕೆಸ್ ನನ್ನನ್ನು ನೋಡದೆ, "ನೀನು ಬಿಡು, ಆರ್ಗಿರೋ, ನಾನು ಹಿಡ್ಕೋತೀನಿ. ಊರು ಬರೆಯೋ ತನಕ ಬೀಳಬಾರದು ಇವನು," ಎಂದ.

ಮರುದಿನ ನಾನು ಎದ್ದಾಗ ಸಿದೇರಿಸ್ ಮನೆಯ ಚಪ್ಪಲಿಯಲ್ಲೇ ಚೌಕದ ನಡುವೆ ನಿಂತಿದ್ದ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಸುಣ್ಣ ಒಣಗಿತ್ತು. ಸೂರಿನ ಕೆಳಗೆ ಬಿಸಿಲಲ್ಲಿದ್ದ ಬಿಳಿ ಎಷ್ಟು ಬೆಳಗುತ್ತಿತ್ತೋ ಬಾಲ್ಕನಿಯ ನೆರಳಲ್ಲಿದ್ದ ಬಿಳಿಯೂ ಅಷ್ಟೇ ಬೆಳಗುತ್ತಿತ್ತು. ತ್ರಿಕೋನಗಳು ಬೇರೆ ಬೇರೆ ಅಳತೆಯವೆಂದು ಗೊತ್ತಿದ್ದ ನನಗೂ ಗೋಡೆ ಮೇಲಿಂದ ಕೆಳಗೆ ಒಂದೇ ಸಮ ಕಂಡಿತು. ನಡುವೆ, ಬಾಗಿಲ ಮೇಲೆ, ನನ್ನ ಗಂಡನ ಸೊಟ್ಟ ಅಕ್ಷರಗಳು.

ಸಿದೇರಿಸ್ ನೇರವಾಗಿ ಕಾಫಿ ಅಂಗಡಿಗೆ ಹೋಗಿ ಮಿಕೆಸನ ಮೇಜಿನಲ್ಲೇ ಕೂತು ಕಾಫಿ ತರಿಸಿದ. ಬಲಗೈಯಲ್ಲೇ ಬಟ್ಟಲು ಎತ್ತಿದ, ಕುಡಿದು ಮತ್ತೆ ತಟ್ಟೆಗಿಟ್ಟ. ಅದರ ಕಟಕಟ ಸದ್ದು ಚೌಕದ ಈಚೆ, ನಮ್ಮ ಬಾಗಿಲವರೆಗೂ ಕೇಳಿಸಿತು.