ಒಂದು ಬುಟ್ಟಿ ಹೆಚ್ಚಿಗೆ

ನಾನು ಕನ್ನೊಳ್ಳಿಗೆ ಸೊಸೆಯಾಗಿ ಬಂದದ್ದು ೧೯೫೮ರಲ್ಲಿ. ಆ ಹಿಂಗಾರಿಗೇ ನಮ್ಮ ಹೊಲದಲ್ಲಿ ಎರಡು ಸಾಸಿವೆಗಳಿಗೆ ಪಂದ್ಯ ಬಿತ್ತು. ಒಂದು, ಅತ್ತೆ ಗುಂಡವ್ವನವರದು. ಮದುವೆಯಾದಾಗ ತವರಿನಿಂದ ತಂದ ಬೀಜವನ್ನು ಅವರು ವರ್ಷವರ್ಷವೂ ಆರಿಸಿ, ಬೂದಿ ಬೆರೆಸಿ, ಸೋರೆಬುರುಡೆಯಲ್ಲಿ ಕಾಯ್ದುಕೊಂಡು ಬಂದಿದ್ದರು. ಇನ್ನೊಂದು, ಧಾರವಾಡದಲ್ಲಿ ಓದುತ್ತಿದ್ದ ನನ್ನ ಅಣ್ಣ ಕೊಟ್ಟು ಕಳಿಸಿದ ಹೊಸ ತಳಿ.

ಮಾವ ರಾವಸಾಬರು ಹೊಲದ ಮೂಲೆಯೊಂದನ್ನು ಸರಿಪಾಲು ಮಾಡಿದರು. ಎರಡಕ್ಕೂ ಒಂದೊಂದು ಬಂಡಿ ತಿಪ್ಪೆಗೊಬ್ಬರ, ಅಷ್ಟೆ. ಚೀಲದ ಬಿಳಿ ಗೊಬ್ಬರವನ್ನು ಅವರು ನಂಬುತ್ತಿರಲಿಲ್ಲ.

"ಯಾವುದು ಹೆಚ್ಚಿಗಿ ಬರ್ತೈತಿ, ಅದ ಮುಂದಿನ ವರ್ಷದ ಬೀಜ. ಸೋತದ್ದು ಒಗ್ಗರಣಿಗೆ," ಎಂದರು.

ಆ ಸಂಜೆ ರೊಟ್ಟಿ ಬಡಿಯುವಾಗ ಅತ್ತೆ ಎಂದಿನಂತೆ ಹಾಡಲಿಲ್ಲ.

ಅತ್ತೆಯ ಸಾಸಿವೆ ಮೊಳೆತಾಗಿನಿಂದಲೇ ಗಟ್ಟಿಯಾಗಿತ್ತು. ನನ್ನದು ಹಳದಿಗಟ್ಟಿ ನಿಂತಿತು. ನಾನು ಆಸೆ ಬಿಟ್ಟೆ. ಆಮೇಲೆ ಅದು ಇದ್ದಕ್ಕಿದ್ದಂತೆ ಚೇತರಿಸಿಕೊಂಡು ಎದೆಯೆತ್ತರ ಬೆಳೆಯಿತು. ಅಂಗಳದಲ್ಲಿ ಬಡಿದು ತೂಗಿದಾಗ ನನ್ನದೇ ಭಾರವಾಯಿತು. ಅತ್ತೆ ತಮ್ಮ ಕಾಳನ್ನು ಮೊರದಲ್ಲಿ ತುಂಬಿಕೊಂಡು, ನನ್ನನ್ನು ನೋಡಿ ನಕ್ಕು, ಅಡುಗೆಮನೆಯತ್ತ ನಡೆದರು.

ಬಡಿಯಲು ಬಂದಿದ್ದ ನೆರೆಮನೆಯ ಪೀರಬಿಗೆ ತಡೆಯಲಾಗಲಿಲ್ಲ.

"ನಿಂದ್ರ ಗುಂಡವ್ವಕ್ಕ! ರಾವಸಾಬಣ್ಣ, ನಿಮ್ಮ ತಕ್ಕಡಿ ಖರೆ ಹೇಳಾಕತ್ತಿಲ್ರಿ. ನಮ್ಮ ಆಡಿನ ಹಿಕ್ಕಿ ಬುಟ್ಟಿ ತುಂಬಿ ಒಯ್ದು ಸೊಸಿ ಬೀಜಕ್ಕ ಸುರುವ್ಯಾಳ ನಿಮ್ಮ ಹೇಣ್ತಿ!"

"ನಿನ್ನ ಬಾಯಿಗೆ ಕೀಲಿ ಹಾಕಬೇಕ ನೋಡು, ಪೀರಬಿ," ಎಂದು ಅತ್ತೆ ಸಿಡುಕಿದರು.

"ಹೌದೇನ?" ಮಾವ ಕೇಳಿದರು.

"ಬಾಡಿ ನಿಂತಿತ್ರಿ. ಬೀಗರ ಮನಿಯಿಂದ ಬಂದದ್ದು. ಬಂದವರಿಗೆ ಒಂದ್ ಸೌಟು ಹೆಚ್ಚಿಗಿ ಬಡಸೂದಿಲ್ಲೇನು? ಅದು ಒಣಗಿದ್ರ ಈ ಹುಡಿಗಿ ಮಾರಿ ನಾ ಹೆಂಗ ನೋಡ್ಲಿ?"

"ತನ್ನ ಬೀಜಾ ತಾನ ಸೋಲಿಸ್ಯಾಳ, ಹುಚ್ಚಿ!" ಮಾವ ರುಮಾಲು ಸಡಿಲಾಗುವಷ್ಟು ನಕ್ಕರು.

ನಾನು ಅತ್ತೆಯ ಕೈಯಿಂದ ಮೊರ ಇಸಿದುಕೊಂಡೆ. "ಮಾಂವಾರ, ಈ ಪಂದ್ಯ ಲೆಕ್ಕಕ್ಕಿಲ್ರಿ. ಇನ್ನೊಮ್ಮೆ ಬಿತ್ತೂಣು. ಈ ಕಾಳು ಬುರುಡ್ಯಾಗ ಇರ್ಲಿ."

"ಬಿತ್ರಿ. ಈ ಸಲ ತಿಪ್ಪಿ ಕಾಯಾಕ ನಾ ಅದೇನಿ," ಎಂದಳು ಪೀರಬಿ.

ಮಾವ ಒಪ್ಪಿ ತಲೆಯಾಡಿಸಿದರು. ನಾನು ಕಾಳು ಸುರಿದೆ. ಅತ್ತೆ ಬುರುಡೆಯ ಬಾಯಿ ಹಿಡಿದರು.

ಮರುವರ್ಷ ಪೀರಬಿ ಆಡಿದಂತೆಯೇ ಕಾದಳು. ಗೊಬ್ಬರ ಸಮನಾಗಿ ಬಿದ್ದಾಗ ಹೊಸ ತಳಿ ತೂಕದಲ್ಲಿ ತುಸುವೇ ಮುಂದಿತ್ತು. ಅತ್ತೆಯದು ಬೇಗ ಮಾಗಿತ್ತು, ಸಸ್ಯಹೇನು ಕೂಡ ಅದಕ್ಕೆ ಕಡಿಮೆ ಹತ್ತಿತ್ತು. ಮಾವ ಎರಡೂ ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಎರಡೂ ಇರ್ಲಿ ತಗೋರಿ," ಎಂದು ಎದ್ದುಹೋದರು.

ಅತ್ತೆ ಹಿತ್ತಲಿಗೆ ಹೋಗಿ, ಬಲಿತ ಸೋರೆಕಾಯಿಯೊಂದನ್ನು ಕೊಯ್ದು ತಂದು, ನನ್ನ ಬೀಜಕ್ಕೆಂದು ಸೂರಿಗೆ ಒಣಗಲು ಕಟ್ಟಿದರು.